ಇಲ್ಲದ ನಾಲ್ಕು ಅಂಗುಲ

ಜನವರಿ 8, ಸೋಮವಾರ

ಎದುರು ದಡದಲ್ಲಿ ನೀರಿನ ಮಟ್ಟ ಬರೆಯುವವರಿಗೆ,

ಬೀಗಿತಿಯವರೇ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಎರಡೂ ದೇಶದ ನದಿ ಕಮಿಟಿಯ ದೋಣಿ ಓಡಲು ಶುರುವಾಗಿ ಒಂಬತ್ತು ತಿಂಗಳಾಯಿತು. ಸೋಮವಾರಕ್ಕೊಮ್ಮೆ ನಿಮ್ಮ ಪುಸ್ತಕ ರುಜುವಿಗೆ ನನ್ನ ಕೈಗೆ ಬರುತ್ತದೆ, ನನ್ನದು ನಿಮ್ಮ ಕೈಗೆ ಹೋಗುತ್ತದೆ. ಹಾಳೆಗಳ ನಡುವೆ ಒಂದು ಚೀಟಿ ಇಡಬಹುದಿತ್ತು. ಇಡಲಿಲ್ಲ. ಇವತ್ತೂ ಇಡುತ್ತಿರಲಿಲ್ಲ, ಕೆಲಸದ ಮಾತು ಬಂದಿದೆ ಅಂತ ಇಟ್ಟಿದ್ದೇನೆ.

ದೋಣಿಯಲ್ಲಿ ಬರುವ ಆ ಉದ್ದನೆಯ ಗುಮಾಸ್ತ ನಿಮಗೂ ಹೇಳಿರಬೇಕು. ಒಂದು ಮಾತಿಗೆ ಮೂರು ಸಲ ಕೆಮ್ಮುತ್ತಾನಲ್ಲ, ನಾನು ಅವನಿಗೆ ಕೆಮ್ಮಪ್ಪ ಅಂತ ಹೆಸರಿಟ್ಟಿದ್ದೇನೆ. ಏಪ್ರಿಲ್ 8ಕ್ಕೆ ಎರಡೂ ದೇಶದವರು ನದಿಯ ಒಪ್ಪಂದಕ್ಕೆ ರುಜು ಹಾಕುತ್ತಾರಂತೆ. ಅದರಲ್ಲಿ ಮೊದಲ ಪಾಲು ನದಿಗೇ ಅಂತೆ. ಮೀನು, ಜೊಂಡು, ನೀರುನಾಯಿ ಬದುಕುವಷ್ಟು ನೀರು ಬೇಸಿಗೆಯಲ್ಲೂ ಹರಿಯುತ್ತಿರಬೇಕು. ಅದರ ಮೇಲೆ ಉಳಿದದ್ದನ್ನು ಎರಡು ಕಡೆಯ ಕಾಲುವೆಗಳು ಸಮ ಹಂಚಿಕೊಳ್ಳಬೇಕು. ಇಷ್ಟು ವರ್ಷ ಹಗ್ಗ ಜಗ್ಗಾಡಿದವರಿಗೆ ಈಗ ನದಿ ಸಾಯುತ್ತಿದೆ ಅಂತ ಕಣ್ಣು ತೆರೆದಿದೆ. ಒಳ್ಳೆಯದಾಯಿತು.

ನದಿಯಲ್ಲಿ ಎಷ್ಟು ನೀರಿದೆ ಅಂತ ನೋಡುವುದು ನಿಮ್ಮ ಮತ್ತು ನನ್ನ ಹತ್ತು ವರ್ಷದ ಪುಸ್ತಕ ನೋಡಿಯೇ. ಅದಕ್ಕೆ ನಾವಿಬ್ಬರೂ ಒಂದು ಕಾಗದಕ್ಕೆ ರುಜು ಹಾಕಬೇಕಂತೆ: "ದಿನಾ ಬೆಳಿಗ್ಗೆ ಆರಕ್ಕೆ ನದಿಯ ಅಳತೆ ಕಂಬ ನೋಡಿ, ಎದುರು ದಡದ ಮಟ್ಟ ಏನೆಂದು ತಿಳಿಯದೆ, ಕಂಡದ್ದನ್ನೇ ಬರೆದಿದ್ದೇನೆ."

ತಿಳಿಯದೆ ಅಂತೆ! ನಿಮ್ಮ ಬಟ್ಟೆ ಹಗ್ಗದ ಮೇಲೆ ನೀರಿನ ಅಡಿಗೊಂದು ಕೆಂಪು ಟವಲು, ಅಂಗುಲಕ್ಕೊಂದು ಬಿಳಿ ಅಂಗಿ. ನನ್ನ ಹಗ್ಗದ ಮೇಲೂ ಅದೇ. ಎಣಿಸಿ, ಒಂದೇ ಇದೆ ಅಂತ ಖಾತ್ರಿಯಾದ ಮೇಲೆಯೇ ಇಬ್ಬರೂ ಪುಸ್ತಕ ಬಿಚ್ಚುವುದು. ಒಂದಂಗುಲ ಹೆಚ್ಚುಕಡಿಮೆ ಆದರೆ ಮೇಲಿನವರು ನೋಟೀಸು ಹಿಡಿದು ಬರುತ್ತಾರಲ್ಲ, ಅವರ ಕಾಟ ಯಾರಿಗೆ ಬೇಕು. ಮಳೆ ಹೊಯ್ಯುವಾಗಲೂ ಬಟ್ಟೆ ಒಣಹಾಕುವ ಇಬ್ಬರು ಹುಚ್ಚಿಯರನ್ನು ಯಾವ ಗಡಿ ಕಾವಲುಗಾರನೂ ಏನೂ ಕೇಳಲಿಲ್ಲ, ಅದು ನಮ್ಮ ಪುಣ್ಯ.

ರುಜು ಹಾಕೋಣ. ಯಾಕೆಂದರೆ ಆ ದಿನ ನನ್ನನ್ನು ದೋಣಿಯಲ್ಲಿ ಕೂರಿಸಿ ನಿಮ್ಮ ದಡಕ್ಕೆ ಕರೆತರುತ್ತಾರೆ. ಜನ ದಾಟುವ ಕಡವು ನಿಲ್ಲಿಸಿ ಹತ್ತು ವರ್ಷವಾಯಿತು. ಒಂದು ದಿನದ ಮಟ್ಟಿಗೆ ಪರವಾನಗಿ.

ನಿಮ್ಮ ಮುಖ ನೋಡಲು ಬರುತ್ತಿಲ್ಲ. ನನ್ನ ಮಗಳನ್ನು ಮಣ್ಣು ಮಾಡಿದ ಜಾಗ ನೋಡಬೇಕು, ಮೊಮ್ಮಗಳ ತಲೆ ಮುಟ್ಟಬೇಕು. ಅಷ್ಟೇ.

ಈ ದಡದ ಮಟ್ಟ ಬರೆಯುವವಳು

*

ಜನವರಿ 15, ಸೋಮವಾರ

ಬೀಗಿತಿಯವರಿಗೆ ನಮಸ್ಕಾರ.

ನೀವು ಹಾಗೆ ಕರೆಯದಿದ್ದರೂ ನಾನು ಕರೆಯುತ್ತೇನೆ. ಬೇರೆ ಏನೆಂದು ಕರೆಯಲಿ?

ನೀವು ಬರುತ್ತೀರಿ ಎಂದು ಮಗುವಿಗೆ ಹೇಳಿದೆ. ಈಗ ಅವಳಿಗೆ ಒಂಬತ್ತು ವರ್ಷ. "ಬಟ್ಟೆ ಅಜ್ಜಿ ಈ ಕಡೆ ಬರ್ತಾರಾ?" ಎಂದಳು. ನಿಮಗೆ ಅವಳಿಟ್ಟಿರುವ ಹೆಸರು ಅದು. ಆಮೇಲೆ ಸ್ವಲ್ಪ ಯೋಚಿಸಿ, "ಬಂದ್ರೆ ಬೈತಾರಾ?" ಎಂದಳು. ಬೈಯುವುದಿಲ್ಲ ಎಂದೆ. "ಹಾಗಾದ್ರೆ ಅವರು ಅಮ್ಮನ ಅಮ್ಮ ಅಲ್ಲ" ಎಂದಳು.

ನಗಬೇಕು ಅನ್ನಿಸಿತು, ಆಗಲಿಲ್ಲ.

ನಿಮ್ಮ ಮಗಳ ಜಾಗ ಮನೆಯ ಹಿಂದಿನ ದಿಬ್ಬದ ಮೇಲಿದೆ. ಅಲ್ಲಿಂದ ನಿಮ್ಮ ಮನೆಯ ಮೆಟ್ಟಿಲು ಕಾಣುತ್ತದೆ. ಅವಳೇ ಆರಿಸಿಕೊಂಡ ಜಾಗ.

ನಿಮ್ಮ ಬೀಗಿತಿ

*

ಜನವರಿ 29, ಸೋಮವಾರ

ಬೀಗಿತಿಯವರೇ,

ಕರೆದಿದ್ದೇನೆ, ಸಾಕಲ್ಲ?

ಅವಳೇ ಆರಿಸಿಕೊಂಡಳು ಎಂದು ಬರೆದಿರಿ. ಹಾಗಾದರೆ ಆರಿಸಿಕೊಳ್ಳುವಷ್ಟು ಪುರುಸೊತ್ತು ಇತ್ತು. ಸಾಯುವುದು ಅವಳಿಗೆ ಗೊತ್ತಿತ್ತು, ನಿಮಗೆ ಗೊತ್ತಿತ್ತು, ನಿಮ್ಮ ಮಗನಿಗೆ ಗೊತ್ತಿತ್ತು. ಹೆತ್ತವಳೊಬ್ಬಳಿಗೆ ಗೊತ್ತಿರಲಿಲ್ಲ. ಕೂಗಿದರೆ ಕೇಳಿಸದಿದ್ದರೂ ಅಂಗಿ ಎಣಿಸಬಹುದಾದಷ್ಟು ಅಗಲದ ನದಿ. ಆಗ ದೋಣಿಯೂ ಇರಲಿಲ್ಲ, ಆ ಕಡೆಗೆ ಫೋನಿಲ್ಲ, ಟಪಾಲು ಎರಡು ರಾಜಧಾನಿ ಸುತ್ತಿ ಬರಬೇಕು. ನಿಮ್ಮ ಮಗನ ಕಾಗದ ನನ್ನ ಕೈ ಸೇರುವಾಗ ಅವಳು ಹೋಗಿ ಇಪ್ಪತ್ತೆರಡು ದಿನವಾಗಿತ್ತು.

ಟಪಾಲಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಎತ್ತಿನಷ್ಟೇ ನಡೆಯುತ್ತದೆ. ಸಿಟ್ಟು ನಿಮ್ಮ ಹಗ್ಗದ ಮೇಲೆ.

ನೀವು ಕಂಬ ನೋಡುತ್ತಿದ್ದಿರಿ, ಬಟ್ಟೆ ಹಾಕುತ್ತಿದ್ದವಳು ಅವಳು. ಮದುವೆಯಾಗಿ ಬಂದಾಗಿನಿಂದ ಅವಳೇ. ಅಂಗಿಯನ್ನು ಭುಜದಿಂದ ನೇತುಹಾಕೇ ಅಂತ ಚಿಕ್ಕಂದಿನಿಂದ ಬೈದಿದ್ದೇನೆ. ಕೇಳಿದಳೇ? ಯಾವಾಗಲೂ ತಲೆಕೆಳಗು. ಕೆಳಗಿನ ಅಂಚು ಹಗ್ಗಕ್ಕೆ, ತೋಳೆರಡೂ ನೆಲಕ್ಕೆ. ಆ ತೋಳು ಜೋಲುವುದನ್ನು ನೋಡಿ ನಾನು ದಿನಾ ಬೆಳಿಗ್ಗೆ ಎರಡು ಮಾತು ಬೈದುಕೊಳ್ಳುತ್ತಿದ್ದೆ. ಅಂದರೆ ಇದ್ದಾಳೆ, ಚೆನ್ನಾಗಿದ್ದಾಳೆ ಅಂತ. ಮೊಮ್ಮಗಳು ಹುಟ್ಟಿದ್ದು ನನಗೆ ತಿಳಿದದ್ದೂ ಹಾಗೆಯೇ. ಬಿಳಿ ಅಂಗಿಗಳ ಕೊನೆಯಲ್ಲಿ ಅಂಗೈಯಷ್ಟಗಲದ ಒಂದು ಅಂಗಿ, ಅದೂ ತಲೆಕೆಳಗು. ಏನಿದು ಅರ್ಧ ಅಂಗುಲ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ.

ಅವಳು ಹೋದ ಮೇಲೂ ಇಪ್ಪತ್ತೆರಡು ದಿನ ನಿಮ್ಮ ಹಗ್ಗದ ಮೇಲೆ ಅಂಗಿಗಳು ತಲೆಕೆಳಗಾಗಿಯೇ ಇದ್ದವು. ಇಪ್ಪತ್ತೆರಡು ದಿನವೂ ನಾನು ಬೈದೆ. ಸತ್ತವಳಿಗೆ ಬೈದೆ. ಕಾಗದ ಬಂದ ಮರುದಿನವೇ ಅಂಗಿಗಳು ನೆಟ್ಟಗಾದವು.

ಯಾರ ಕೈ ಅದು? ಇಷ್ಟನ್ನು ಹೇಳಿ. ಬೇರೆ ಏನೂ ಬೇಡ.

ಬೀಗಿತಿ

*

ಫೆಬ್ರವರಿ 12, ಸೋಮವಾರ

ಬೀಗಿತಿಯವರಿಗೆ,

ಹೋದ ವಾರ ಬರೆಯಲು ಕೂತೆ, ಮುಗಿಯಲಿಲ್ಲ. ಈ ವಾರ ಮುಗಿಸುತ್ತೇನೆ.

ನನ್ನ ಕೈ.

ಕಾಯಿಲೆ ಏಳು ತಿಂಗಳಿತ್ತು. ನಿಮಗೆ ಬರೆಯೋಣ ಎಂದು ಎಷ್ಟು ಸಲ ಕೇಳಿದೆನೋ. "ಬೇಡ ಅತ್ತೆ. ಅಮ್ಮ ಬೈತಾಳೆ. ಊಟ ಸರಿಯಾಗಿ ಮಾಡಲಿಲ್ಲ, ತಲೆ ಒದ್ದೆ ಬಿಟ್ಟೆ, ಮಾತು ಕೇಳಲಿಲ್ಲ, ಅದಕ್ಕೇ ಹಿಂಗಾಯ್ತು ಅಂತಾಳೆ. ಅವಳಿಗೆ ಹೆದರಿಕೆಯಾದ್ರೆ ಬಯ್ಯೋದೊಂದೇ ಗೊತ್ತು. ಬೈದುಬೈದು ಕೊನೆಗೆ ನೀರಿಗಿಳಿತಾಳೆ. ಕಾವಲಿನೋರು ಸುಮ್ನಿರ್ತಾರಾ?" ಎನ್ನುತ್ತಿದ್ದಳು. ಕೊನೆಕೊನೆಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು, ನಾನು ಹಗ್ಗ ತಗ್ಗಿಸಿ ಹಿಡಿದರೆ ಅಂಗಿ ಸಿಕ್ಕಿಸುತ್ತಿದ್ದಳು. ಹೋಗುವ ಹಿಂದಿನ ದಿನದವರೆಗೂ ಅವಳೇ ಸಿಕ್ಕಿಸಿದ್ದು.

ಮರುದಿನವೂ ಆರು ಗಂಟೆಯಾಯಿತಲ್ಲ. ಕಂಬ ನೋಡಿ ಬಂದೆ. ಅಂಗಿ ಕೈಗೆತ್ತಿಕೊಂಡೆ. ಭುಜದಿಂದ ಹಾಕಿದರೆ ಆ ಗಳಿಗೆಯಲ್ಲೇ ನಿಮಗೆ ತಿಳಿಯುತ್ತದೆ ಎಂದು ಆಗ ಹೊಳೆಯಿತು. ನೀವಾಗಲೇ ಮೆಟ್ಟಿಲ ಮೇಲೆ ಬಂದಿದ್ದಿರಿ. ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಿರಿ. ನನ್ನ ಕೈ ತಾನಾಗಿ ತಿರುಗಿತು. ನೀವು ಎಣಿಸಿದಿರಿ, ತಲೆಯಾಡಿಸಿದಿರಿ, ಏನೋ ಗೊಣಗಿಕೊಂಡು ಸೆರಗು ಕೊಡವಿ ಒಳಗೆ ಹೋದಿರಿ. ನೆಟ್ಟಗೆ ನಡೆದು ಹೋದಿರಿ. ಇನ್ನೊಂದು ದಿನ ಇವರು ಹೀಗೆ ನಡೆಯಲಿ ಎಂದುಕೊಂಡೆ. ಮರುದಿನವೂ ಹಾಗೇ ಅನ್ನಿಸಿತು. ಆಮೇಲೊಂದು ಬೆಳಿಗ್ಗೆ ನೀವು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದಿರಿ, ಕಾಗದ ಮುಟ್ಟಿತೆಂದು ತಿಳಿದು ಅಂಗಿಗಳನ್ನು ಭುಜದಿಂದ ಹಾಕಿದೆ.

ತಪ್ಪೋ ಸರಿಯೋ ನನಗೆ ಗೊತ್ತಿಲ್ಲ. ನನಗೂ ಆ ಇಪ್ಪತ್ತೆರಡು ದಿನ ಬೇಕಾಗಿತ್ತು. ಅಂಗಿ ತಲೆಕೆಳಗಾಗಿರುವಷ್ಟು ಹೊತ್ತು ಅವಳು ಒಳಗೆಲ್ಲೋ ಕೆಲಸದಲ್ಲಿದ್ದಾಳೆ ಅನ್ನಿಸುತ್ತಿತ್ತು.

ನಿಮ್ಮ ಬೀಗಿತಿ

*

ಫೆಬ್ರವರಿ 26, ಸೋಮವಾರ

ಬೀಗಿತಿಯವರೇ,

ಓದಿದೆ.

ಬರೆಯಲು ಆಗುತ್ತಿಲ್ಲ. ಕಂಬಕ್ಕೆ ಹಿಡಿದ ಪಾಚಿ ಉಜ್ಜುತ್ತಿದ್ದೇನೆ. ದೊಡ್ಡವರೆಲ್ಲ ಬರುತ್ತಾರಲ್ಲ, ಕಂಬ ಗಲೀಜಾಗಿ ಕಾಣಬಾರದು.

ಮಗು ಊಟಕ್ಕೆ ಹಟ ಮಾಡುತ್ತಾಳೆಯೇ? ಅವಳ ಅಮ್ಮ ಮಾಡುತ್ತಿದ್ದಳು.

ಬೀಗಿತಿ

*

ಮಾರ್ಚ್ 4, ಸೋಮವಾರ

ಬೀಗಿತಿಯವರೇ,

ಒಂದು ಕೇಳುತ್ತೇನೆ, ಮುಚ್ಚಿಡದೆ ಹೇಳಿ.

ನನಗಿಂತ ಮುಂಚೆ ಈ ಕೆಲಸದಲ್ಲಿದ್ದದ್ದು ನನ್ನ ಯಜಮಾನರು. ಅಚ್ಚುಕಟ್ಟಿನ ಮನುಷ್ಯ. ಕಂಬ ನೆಟ್ಟ ದಿನ ಮೂರಡಿಯ ಗೆರೆಗೆ ಸರಿಯಾಗಿ ಪಕ್ಕದ ಬಂಡೆಯ ಮೇಲೆ ಉಳಿಯಿಂದ ಒಂದು ಗೀರು ಹೊಡೆದಿದ್ದರು. "ಯಾವತ್ತಾದ್ರೂ ಕಂಬ ಅಲುಗಾಡಿದ್ರೆ ಬಂಡೆ ಸಾಕ್ಷಿ ಹೇಳುತ್ತೆ" ಎನ್ನುತ್ತಿದ್ದರು. ಅವರು ಹೋದರು, ಗೀರಿನ ಮೇಲೆ ಪಾಚಿ ಬೆಳೆಯಿತು, ನಾನು ಮರೆತೆ. ಮೊನ್ನೆ ಕಂಬ ಉಜ್ಜಿ, ಹಾಗೇ ಬಂಡೆಯನ್ನೂ ಉಜ್ಜಿದೆ. ಗೀರು ಸಿಕ್ಕಿತು.

ಬಂಡೆಯ ಗೀರು ಮೇಲಿದೆ. ಕಂಬದ ಗೆರೆ ಕೆಳಗಿದೆ. ನಡುವೆ ನನ್ನ ಬೆರಳಿಟ್ಟೆ, ಆಮೇಲೆ ಪಟ್ಟಿ ಹಿಡಿದೆ. ನಾಲ್ಕು ಅಂಗುಲ.

ನನ್ನ ಕಂಬ ಕುಸಿದಿದೆ. ಕುಸಿದ ಕಂಬದ ಮೇಲೆ ನೀರು ಯಾವಾಗಲೂ ಹೆಚ್ಚಾಗಿಯೇ ಕಾಣುತ್ತದೆ. ಇದು ಎಂಟು ವರ್ಷದ ಹಿಂದಿನ ಆ ನೆರೆಯಲ್ಲೇ ಆಗಿರಬೇಕು. ನೆರೆ ಇಳಿದ ಮೊದಲ ಬೆಳಿಗ್ಗೆ ನನಗೆ ನೆನಪಿದೆ. ನನ್ನ ಹಗ್ಗದಲ್ಲಿ ಒಂಬತ್ತು ಅಂಗಿ, ನಿಮ್ಮ ಹಗ್ಗದಲ್ಲಿ ಐದು. ತಪ್ಪು ನಿಮ್ಮದೇ ಅಂತ ನಾನು ಪೊರಕೆ ಎತ್ತಿ ಆಡಿಸಿದೆ. ಸ್ವಲ್ಪ ಹೊತ್ತಿಗೆ ನಿಮ್ಮ ಹಗ್ಗದಲ್ಲೂ ಒಂಬತ್ತಾಯಿತು. ಗೆದ್ದೆ ಅಂತ ಒಳಗೆ ಹೋಗಿ ಒಂಬತ್ತು ಅಂತಲೇ ಬರೆದೆ.

ನಿಮಗೆ ಗೊತ್ತಿತ್ತೇ?

ಬೀಗಿತಿ

*

ಮಾರ್ಚ್ 11, ಸೋಮವಾರ

ಬೀಗಿತಿಯವರಿಗೆ,

ಗೊತ್ತಿತ್ತು.

ಆ ಬೆಳಿಗ್ಗೆ ನಿಮ್ಮ ಮಗಳು ನಿಮ್ಮ ಪೊರಕೆ ನೋಡಿ, "ಅತ್ತೆ, ಬೇಗ ಇನ್ನೂ ನಾಲ್ಕು ಅಂಗಿ ತನ್ನಿ. ನದಿ ಬೇಕಾದ್ರೆ ತಪ್ಪಿರಬಹುದು, ನಮ್ಮಮ್ಮ ತಪ್ಪಲ್ಲ" ಎಂದಳು. ಇಬ್ಬರೂ ನಕ್ಕೆವು. ನಾಳೆ ಅವರಿಗೇ ತಿಳಿಯುತ್ತದೆ, ಸರಿಮಾಡಿಕೊಳ್ಳುತ್ತಾರೆ ಎಂದುಕೊಂಡು ಒಂಬತ್ತು ಬರೆದೆ. ಮರುದಿನವೂ ನಿಮ್ಮದು ನಾಲ್ಕು ಹೆಚ್ಚು. ಹೀಗೇ ಒಂದು ವಾರ. ಆಮೇಲೆ ಹೇಳುವುದಾದರೂ ಹೇಗೆ? ಟಪಾಲು ಒಡೆದು ಓದುತ್ತಾರೆ. ಇಬ್ಬರ ಕೆಲಸವೂ ಹೋಗುತ್ತದೆ. ಎಂಟು ವರ್ಷದಿಂದ ಕಂಬ ನೋಡಿ, ನಾಲ್ಕು ಸೇರಿಸಿ ಬರೆಯುತ್ತಿದ್ದೇನೆ. ಈಗ ಅದು ಸುಳ್ಳು ಎಂದು ಕೂಡ ಅನ್ನಿಸುವುದಿಲ್ಲ.

ನನ್ನದೊಂದು ಕೋರಿಕೆ. ಏಪ್ರಿಲ್ 8 ಕಳೆಯಲಿ. ನೀವು ಬಂದು ಹೋಗಿ. ದಿಬ್ಬದ ಮೇಲೆ ಒಂದು ಗಳಿಗೆ ಕೂತುಕೊಳ್ಳಿ. ಮಗು ನಿಮಗೆಂದು ಒಂದು ಕರವಸ್ತ್ರದ ಅಂಚು ಹೊಲಿಯುತ್ತಿದ್ದಾಳೆ. ಮೂರು ಸಲ ಬಿಚ್ಚಿ ನಾಲ್ಕನೇ ಸಲ ಹೊಲಿಯುತ್ತಿದ್ದಾಳೆ, ಬಟ್ಟೆ ಅಜ್ಜಿಗೆ ಸೊಟ್ಟ ಹೊಲಿಗೆ ಆಗಲ್ಲ ಎನ್ನುತ್ತಾಳೆ. ಆಮೇಲೆ ಬೇಕಾದರೆ ಇಬ್ಬರೂ ಸೇರಿ ಹೇಳೋಣ. ಒಂದು ದಿನದ ಮಾತಷ್ಟೇ.

ನಿಮ್ಮ ಬೀಗಿತಿ

*

ಮಾರ್ಚ್ 25, ಸೋಮವಾರ

ಬೀಗಿತಿ,

ಇವತ್ತು ನೀನು ಎನ್ನುತ್ತೇನೆ. ಇಷ್ಟೆಲ್ಲ ಆದ ಮೇಲೆ ನೀವು ತಾವು ಯಾಕೆ.

ಹೇಳಿಬಿಟ್ಟೆ.

ನಿನ್ನ ಮಾತು ಕೇಳೋಣ ಅಂತಲೇ ಇದ್ದೆ, ಆಣೆಯಿಟ್ಟು ಹೇಳುತ್ತೇನೆ. ಉಡುವ ಸೀರೆ ತೆಗೆದಿಟ್ಟಿದ್ದೆ. ಮಗುವಿಗೆ ಒಂದು ಜೊತೆ ಕಾಲುಚೀಲ ಹೆಣೆದಿದ್ದೆ, ಅಂದಾಜಿನ ಅಳತೆ. ಹಗ್ಗದ ಮೇಲೆ ಕಂಡ ಅಂಗಿಗಳಿಂದ ಕಾಲಿನ ಅಳತೆ ತಿಳಿಯುವುದಿಲ್ಲ ನೋಡು.

ಹೋದ ವಾರಕ್ಕೂ ಹಿಂದಿನ ಬುಧವಾರ ಕಂಬ ಹದಿನಾಲ್ಕು ಅಂಗುಲ ತೋರಿಸಿತು. ಒಪ್ಪಂದದಲ್ಲಿ ಬೇಸಿಗೆಗೆ ನದಿಯ ಪಾಲು ಅಂತ ಬರೆದದ್ದು ಹತ್ತು ಅಂಗುಲ. ಅಂದರೆ ಮೇಲಿನ ನಾಲ್ಕು ಅಂಗುಲ ನಮ್ಮ ಕಾಲುವೆಗೆ ಎರಡು, ನಿಮ್ಮ ಕಾಲುವೆಗೆ ಎರಡು. ನಾನು ಸೀರೆ ಎತ್ತಿಕಟ್ಟಿ ನೀರಿಗಿಳಿದೆ. ಬಂಡೆಯ ಗೀರಿನಿಂದ ಅಳೆದೆ. ಇರುವುದೇ ಹತ್ತು. ಇಲ್ಲದ ನಾಲ್ಕು ಅಂಗುಲವನ್ನು ಇವರು ಪಾಲು ಮಾಡಿಕೊಂಡರೆ ನದಿಗೆ ಉಳಿಯುವುದು ಆರು. ಜೊಂಡಿನ ಬುಡ ಆಗಲೇ ಗಾಳಿಗೆ ಬಿದ್ದಿದೆ. ಬೆರಳುದ್ದದ ಮೀನುಗಳು ನನ್ನ ಕಾಲ ಸುತ್ತ ಬಂದವು, ನೆರಳು ಸಿಕ್ಕಿತು ಅಂತ ಅಲ್ಲೇ ನಿಂತವು. ನಾನೂ ನಿಂತೇ ಇದ್ದೆ.

ಒಂದು ದಿನದ ಮಾತು ಎಂದೆ ನೀನು. ಆದರೆ ಒಮ್ಮೆ ರುಜು ಬಿದ್ದರೆ ಅದು ಇಪ್ಪತ್ತು ವರ್ಷಕ್ಕಂತೆ. ನನ್ನ ಮಗಳು ನಿನ್ನ ದಡದಲ್ಲಿದ್ದಾಳೆ, ನನ್ನ ಮನೆ ಈ ದಡದಲ್ಲಿದೆ, ನಡುವೆ ನಮಗೆ ಅಂತ ಇರುವುದು ಈ ನೀರು ಒಂದೇ. ಅದನ್ನೂ ಒಣಗಿಸಿ, ಆ ಒಣಗಿದ್ದರ ಮೇಲೆ ದೋಣಿಯಲ್ಲಿ ಬರಲೇ?

ಹೋದ ಸೋಮವಾರ ಕೆಮ್ಮಪ್ಪ ಬಂದ. ಜೊತೆಗೆ ನಮ್ಮ ಕಡೆಯ ಇಂಜಿನಿಯರೂ ಇದ್ದ. ಬಂಡೆ ತೋರಿಸಿದೆ, ಗೀರು ತೋರಿಸಿದೆ. ಇಂಜಿನಿಯರ್ ಬಗ್ಗಿ ನೋಡಿ, ಪಟ್ಟಿ ಹಿಡಿದು ತಾನೂ ಅಳೆದ. ಕೆಮ್ಮಪ್ಪ ಮೂರು ಸಲ ಅಲ್ಲ, ಏಳು ಸಲ ಕೆಮ್ಮಿದ.

"ಅಜ್ಜಿ, ಎದುರು ದಡದ ಪುಸ್ತಕವೂ ಇದನ್ನೇ ಹೇಳ್ತದಲ್ಲ? ಅದು ಹೇಗೆ?" ಎಂದ.

"ನಾನು ಪೊರಕೆ ತೋರಿಸಿ ಬರೆಸಿದ್ದು. ಆ ಹೆಂಗಸಿಂದೇನೂ ತಪ್ಪಿಲ್ಲ, ಅವಳ ಕಂಬ ಸರಿಯಾಗೇ ಇದೆ" ಎಂದೆ.

"ಪೊರಕೆ ತೋರಿಸಿದ್ರೆ ಒಂದು ದೇಶದ ಮಟ್ಟ ಬದಲಾಗ್ತದಾ?"

"ನನ್ನ ಪೊರಕೆ ನೀನು ಕಂಡಿಲ್ಲ ಮಗಾ."

ಅವನು ನಗಲಿಲ್ಲ. ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತ. "ಇದನ್ನ ಮೂರು ವಾರ ಬಿಟ್ಟು ಹೇಳಿದ್ರೂ ಆಗ್ತಿತ್ತು ಅಜ್ಜಿ. ಆ ಕಡೆ ನಿಮ್ಮ ಮಗಳ..." ಎಂದು ಅರ್ಧಕ್ಕೇ ನಿಲ್ಲಿಸಿದ. ಪಾಪ, ಒಳ್ಳೆಯವನು. ನಾವು ಚೀಟಿ ಇಡುವುದು ಅವನಿಗೆ ಮೊದಲಿನಿಂದಲೂ ಗೊತ್ತಂತೆ.

ಈಗ ರುಜು ಮುಂದಕ್ಕೆ ಹೋಯಿತು. ಎಂಟು ವರ್ಷದ ಪುಸ್ತಕವನ್ನು ಎರಡೂ ಕಡೆಯವರು ಕೂತು ತಿದ್ದಬೇಕಂತೆ. ಎರಡು ವರ್ಷವಾದರೂ ಆಗಬಹುದಂತೆ. ಸೋಮವಾರದ ದೋಣಿ ಏಪ್ರಿಲ್ ನಡುವಿಗೆ ನಿಲ್ಲುತ್ತದೆ. ಕಂಬದ ಜಾಗಕ್ಕೆ ತಾನಾಗೇ ಮಟ್ಟ ಬರೆದುಕೊಳ್ಳುವ ಯಂತ್ರ ಕೂರಿಸುತ್ತಾರೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ನಿನ್ನದಕ್ಕೆ ಏನೂ ಮಾಡಬೇಡಿ ಅಂತ ಬೇಡಿಕೊಂಡಿದ್ದೇನೆ. ನಾನು ಬೇಡಿಕೊಂಡದ್ದು ಇದೇ ಮೊದಲು, ಸರಿಯಾಗಿ ಬಂತೋ ಇಲ್ಲವೋ.

ನನಗೀಗ ಒಂದೇ ಕೊರೆಯುತ್ತದೆ ಬೀಗಿತಿ. ನನ್ನ ಬಾಯಿಗೆ ಹೆದರಿ ನೀನು ನೀರು ಹೆಚ್ಚಿಸಿ ಬರೆದೆ. ನನ್ನ ಬಾಯಿಗೆ ಹೆದರಿ ನನ್ನ ಮಗಳು ಕಾಯಿಲೆಯನ್ನೇ ಮುಚ್ಚಿಟ್ಟಳು. ನನ್ನ ಹತ್ತಿರ ಯಾರೂ ಕಡಿಮೆಯಾದದ್ದನ್ನು ಹೇಳಲೇ ಇಲ್ಲ. ಎಲ್ಲ ತುಂಬಿದೆ, ಎಲ್ಲ ಚೆನ್ನಾಗಿದೆ ಅಂತಲೇ ತೋರಿಸಿದಿರಿ. ನಾನು ನಂಬಿ, ಬೈದು, ಒಳಗೆ ಹೋದೆ.

ಮಗುವಿಗೆ ಹೇಳು, ಹೊಲಿಗೆ ಸೊಟ್ಟ ಇದ್ದರೂ ಬಿಚ್ಚಬೇಡ ಅಂತ.

ನಿನಗೂ ಒಂದು ಕೇಳುತ್ತೇನೆ. ಕೊನೆಯ ದೋಣಿಯ ದಿನ ಬೆಳಿಗ್ಗೆ ಅಂಗಿಗಳನ್ನು ತಲೆಕೆಳಗಾಗಿ ಹಾಕುತ್ತೀಯಾ? ಯಾರ ಕೈ ಅಂತ ಗೊತ್ತಿದ್ದೇ ನೋಡುತ್ತೇನೆ. ಬೈಯುವುದಿಲ್ಲ.

ನಿನ್ನ ಬೀಗಿತಿ

*

ಏಪ್ರಿಲ್ 15, ಸೋಮವಾರ

ತಂಗಿ,

ಕೆಮ್ಮಪ್ಪ ದೋಣಿಯಲ್ಲಿ ಕಾಯುತ್ತಿದ್ದಾನೆ, ಕಾಗದ ಮುಗಿಸು ಅಂತ ಒಂದು ಸಲವೂ ಹೇಳಿಲ್ಲ. ಕಾಲುಚೀಲ ಅವನ ಜೇಬಿನಲ್ಲಿದೆ. ಸಣ್ಣದಾದರೆ ಬಿಚ್ಚಿ ಹೆಣೆದುಕೊಡು. ಕರವಸ್ತ್ರ ಮುಟ್ಟಿತು. ಒಂದು ಮೂಲೆಯಲ್ಲಿ ಹೊಲಿಗೆ ಸೊಟ್ಟ ಇದೆ. ಅಲ್ಲೇ ಹೆಬ್ಬೆಟ್ಟು ಇಟ್ಟುಕೊಂಡು ಕೂತಿದ್ದೇನೆ.

ಹೋದ ವಾರ ಎರಡೂ ದೇಶದ ಇಂಜಿನಿಯರುಗಳು ಒಂದೇ ದೋಣಿಯಲ್ಲಿ ಬಂದಿದ್ದರು. ಒಬ್ಬ ಪಟ್ಟಿ ಹಿಡಿದ, ಇನ್ನೊಬ್ಬ ದುರ್ಬೀನು ಹಿಡಿದ. ಯಂತ್ರ ಬರುವ ತನಕ ಇರಲಿ ಅಂತ ಕಂಬ ಎತ್ತಿ ಯಜಮಾನರ ಗೀರಿಗೆ ಸರಿಯಾಗಿ ನೆಟ್ಟರು. "ಈ ಗೀರು ಯಾರು ಹೊಡೆದಿದ್ದು? ಕೂದಲೆಳೆಯಷ್ಟೂ ತಪ್ಪಿಲ್ಲ" ಎಂದ ನಿಮ್ಮ ಕಡೆಯವನು. ಹೆಮ್ಮೆಯಾಯಿತು, ಅಳುವೂ ಬಂತು.

ಇವತ್ತು ಬೆಳಿಗ್ಗೆ ಆರಕ್ಕೆ ಕಂಬ ನೋಡಿದೆ. ಅಲೆ ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ. ನಡುವಿನದ್ದು ಒಂಬತ್ತು. ನಿನ್ನ ದಡದ ಕಡೆ ತಿರುಗದೆ ಪುಸ್ತಕ ಬಿಚ್ಚಿ ಬರೆದೆ. ಮಸಿ ಆರಿದ ಮೇಲೆ ಒಂಬತ್ತು ಅಂಗಿ ಹಗ್ಗಕ್ಕೆ ಹಾಕಿದೆ.

ಆಮೇಲೆ ತಲೆಯೆತ್ತಿ ನೋಡಿದೆ.

ನಿನ್ನ ಹಗ್ಗದಲ್ಲೂ ಒಂಬತ್ತೇ ಇದ್ದವು. ತಲೆಕೆಳಗು. ತೋಳೆಲ್ಲ ನೀರಿನ ಕಡೆಗೆ ಜೋಲಿದ್ದವು. ಗಾಳಿ ಬಂದಾಗ ಒಂದೊಂದೂ ಸ್ವಲ್ಪ ಮೇಲೆದ್ದು ಇಳಿದವು. ಹಗ್ಗದ ಹಿಂದೆ ನೀನು ನಿಂತಿದ್ದೆ, ಪಕ್ಕದಲ್ಲಿ ನಿನ್ನ ಎದೆಯೆತ್ತರದ ಒಬ್ಬಳು. ಅಷ್ಟು ಬೆಳೆದಿದ್ದಾಳೆಯೇ? ನಾನು ಕೈ ಎತ್ತಲು ಹೋದೆ, ಪೊರಕೆ ಎತ್ತಿದಳು ಅಂತ ಹೆದರಿಯಾಳು ಎಂದು ಅರ್ಧಕ್ಕೇ ಇಳಿಸಿದೆ.

ಒಂಬತ್ತಂಗುಲ ಅಂದರೆ ಕಡಿಮೆ ನೀರು ತಂಗಿ, ಬಹಳ ಕಡಿಮೆ. ಆದರೆ ಇರುವುದು ಅಷ್ಟೇ.

ನನ್ನ ಅಂಗಿಗಳನ್ನು ನೋಡಿದೆಯಾ? ನಾನೂ ತಲೆಕೆಳಗೇ ಹಾಕಿದ್ದೆ.

ಅಕ್ಕ